ಕಿಟಕಿ ಎದುರು ಮೇಜು ಹಾಕಿದ ಮೇಲೆ ತಲೆನೋವು

ಕಿಟಕಿಗೆ ಮುಖ ಮಾಡಿ ಮೇಜು ಹಾಕಿದ ಮೇಲೆ ಮಧ್ಯಾಹ್ನದ ಹೊತ್ತಿಗೆ ತಲೆನೋವು, ಕಣ್ಣುರಿ, ಜೊತೆಗೆ ಕತ್ತು ನೋವು ಅಂದಿದ್ದೀರಿ. ಮೊದಲೆರಡಕ್ಕೆ ಕಾರಣ ಬಹುಶಃ ಲ್ಯಾಪ್‌ಟಾಪ್ ಹಿಂದಿನ ಬೆಳಕು. ಹಗಲಲ್ಲಿ ಹೊರಗಿನ ಬೆಳಕು ಪರದೆಗಿಂತ ಎಷ್ಟೋ ಪಟ್ಟು ಜಾಸ್ತಿ. ಎರಡೂ ಒಟ್ಟಿಗೆ ಎದುರಿಗಿದ್ದರೆ ಕಣ್ಣು ಬೇಗ ದಣಿಯುತ್ತದೆ.

ಬೆಳಕು ಜೋರಾಗಿರುವಾಗ ಅಂಗೈ ಅಡ್ಡ ಹಿಡಿದು, ಪರದೆ ಮಾತ್ರ ಕಾಣುವಂತೆ ಕಿಟಕಿ ಮರೆ ಮಾಡಿ ನೋಡಿ. ಹುಬ್ಬಿನ ಬಿಗಿ ತಟ್ಟನೆ ಸಡಿಲವಾದರೆ ಬೆಳಕಿನದೇ ಕಾಟ.

ಹಾಗಿದ್ದರೆ ಕಿಟಕಿ ಪಕ್ಕಕ್ಕೆ ಬರುವಂತೆ ಮೇಜು ತಿರುಗಿಸಿ. ಬಲಗೈಯಲ್ಲಿ ಬರೆಯುವವರಾದರೆ ಎಡಪಕ್ಕಕ್ಕೆ, ಆಗ ಕೈ ನೆರಳು ಹಾಳೆ ಮೇಲೆ ಬೀಳುವುದಿಲ್ಲ. ಬೆನ್ನ ಹಿಂದೆ ಬೇಡ, ಪರದೆ ಕನ್ನಡಿಯಾಗಿಬಿಡುತ್ತದೆ. ಆದರೂ ಬಿಸಿಲು ನೇರ ಬಿದ್ದರೆ ಕಿಟಕಿಗೆ ತೆಳು ಬಿಳಿ ಕರ್ಟನ್ ಇಳಿಬಿಡಿ.

ದಯವಿಟ್ಟು ಕಿಟಕಿ ಬಿಟ್ಟು ಗೋಡೆ ಕಡೆ ಮಾತ್ರ ಹೋಗಬೇಡಿ. ಮನೆಯಲ್ಲಿ ನಿಮ್ಮದು ಅಂತ ಇರುವುದು ಆ ಮೂಲೆಯೊಂದೇ ಅಂತ ಬರೆದಿದ್ದೀರಲ್ಲ, ಆ ನೋಟ ಉಳಿಯಲೇಬೇಕು. ಕಣ್ಣಿಗೂ ಅದು ಬೇಕು: 20 ನಿಮಿಷಕ್ಕೊಮ್ಮೆ, 20 ಅಡಿ ಆಚೆಗಿನ ಏನನ್ನಾದರೂ 20 ಸೆಕೆಂಡ್ ನೋಡಿ.

ಕತ್ತು ನೋವು ಬೆಳಕಿನಿಂದ ಅಲ್ಲ ಅನಿಸುತ್ತದೆ. ಮೇಜಿನ ಎತ್ತರ ಸಾಮಾನ್ಯವಾಗಿ 73–75 ಸೆಂ.ಮೀ. ಇರುತ್ತದೆ. ನಮ್ಮಲ್ಲಿ ಎಷ್ಟೋ ಹೆಂಗಸರಿಗೆ ಅದು ಜಾಸ್ತಿಯೇ, ಟೈಪ್ ಮಾಡುವಾಗ ಭುಜ ಕಿವಿ ಕಡೆ ಏರುತ್ತದೆ. ಮೊಣಕೈ ಮೇಜಿನ ಮಟ್ಟಕ್ಕೆ ಬರುವಷ್ಟು ಕುರ್ಚಿ ಎತ್ತರಿಸಿ, ಪಾದದ ಕೆಳಗೆ ಮಣೆ ಇಡಿ.

ಒಂದು ವಾರದಲ್ಲೂ ಕಡಿಮೆಯಾಗದಿದ್ದರೆ ಕಣ್ಣು ತೋರಿಸಿ. ಪರದೆ ಎಷ್ಟು ದೂರ ಇರುತ್ತದೆ ಅಂತ ಅಳೆದುಕೊಂಡು ಹೋಗಿ, ಡಾಕ್ಟರಿಗೆ ಹೇಳಿ.