ಗಾಳಿ ಫ್ಯಾನಿನ ರೆಕ್ಕೆಗೆ ಬಿರುಗಾಳಿಗಿಂತ ಅದರ ತೂಕವೇ ಕಾಟ

ಪ್ರಶ್ನೆ: ನಮ್ಮೂರು ಕಪ್ಪತಗುಡ್ಡದ ಬಾಜೂಕ ಐತ್ರಿ. ಗುಡ್ಡದ ಮ್ಯಾಲೆ ಸಾಲಾಗಿ ಗಾಳಿ ಫ್ಯಾನ್ ನಿಂತಾವು. ರೆಕ್ಕಿ ಫೈಬರಿನವು ಅಂತಾರ. ಅಷ್ಟ ಉದ್ದಂದು ಕಬ್ಬಿಣದಾಗ ಯಾಕ ಮಾಡಂಗಿಲ್ಲ? ಆಷಾಢದ ಗಾಳಿಗೆ ಮುರದು ಬೀಳಂಗಿಲ್ಲೇನ್ರಿ?
- ಓದುಗರೊಬ್ಬರು, ಗದಗ ಜಿಲ್ಲೆ

ಉತ್ತರ: ಕಬ್ಬಿಣದಲ್ಲೂ ಮಾಡಿ ನೋಡಿದ್ದಾರೆ ಸರ್. ಅಮೆರಿಕದ ವರ್ಮಾಂಟ್‌ನಲ್ಲಿ ಒಂದು ಗುಡ್ಡದ ಮೇಲೆ 1941ರಲ್ಲಿ ಸ್ಮಿತ್-ಪುಟ್ನಮ್ ಅನ್ನೋ 1.25 ಮೆಗಾವಾಟ್ ಮಷೀನ್ ನಿಲ್ಲಿಸಿದ್ರು, ಎರಡೇ ರೆಕ್ಕೆ, ಎರಡೂ ಸ್ಟೀಲು, ಒಂದೊಂದು ಸುಮಾರು 8 ಟನ್. 1945ರ ಮಾರ್ಚಲ್ಲಿ ಒಂದು ರೆಕ್ಕೆ ಬುಡದ ಹತ್ರ ಕಿತ್ಕೊಂಡು ಹೋಯ್ತು. ಬುಡ ವೀಕ್ ಅಂತ ಮೊದಲೇ ಗೊತ್ತಿತ್ತು, ಯುದ್ಧದ ಕಾಲ, ಸಾಮಾನು ಸಿಗದೆ ರಿಪೇರಿ ಹಂಗೇ ನಿಂತಿತ್ತು.

ಬಿರುಗಾಳಿ ಬಗ್ಗೆ ಅಷ್ಟು ಹೆದರ್ಬೇಡಿ. ಗಾಳಿ ಸೆಕೆಂಡಿಗೆ 25 ಮೀಟರ್ ಆಸುಪಾಸು ದಾಟಿದ್ರೆ ಮಷೀನೇ ರೆಕ್ಕೆ ತಿರುಗಿಸಿ ಅಂಚನ್ನ ಗಾಳಿಗೆ ಕೊಟ್ಟು ಸುಮ್ನಾಗತ್ತೆ. ರೆಕ್ಕೆನ ಸವೆಸೋದು ದಿನನಿತ್ಯದ ತಿರುಗಾಟ. ಒಂದು ಸುತ್ತು ಹಾಕೋವಾಗ ರೆಕ್ಕೆ ಒಂದ್ಸಲ ಬಲಕ್ಕೆ ಅಡ್ಡ ಮಲಗತ್ತೆ, ಒಂದ್ಸಲ ಎಡಕ್ಕೆ. ಬಲಕ್ಕಿದ್ದಾಗ ತನ್ನದೇ ತೂಕಕ್ಕೆ ಒಂದು ಅಂಚು ಜಗ್ಗತ್ತೆ ಇನ್ನೊಂದು ಅಂಚು ಒತ್ಕೊಳ್ಳತ್ತೆ, ಎಡಕ್ಕೆ ಬಂದ್ರೆ ಉಲ್ಟಾ. ನಿಮಿಷಕ್ಕೆ 15 ಸುತ್ತು ಅಂತ ಇಟ್ಕೊಳ್ಳಿ, 20 ವರ್ಷಕ್ಕೆ ಲೆಕ್ಕ ಹಾಕಿದ್ರೆ ಸುಮಾರು 15 ಕೋಟಿ ಸಲ ಈ ಜಗ್ಗಾಟ! ರೆಕ್ಕೆ ಭಾರ ಆದಷ್ಟೂ ತನಗೆ ತಾನೇ ಶತ್ರು, ಕಬ್ಬಿಣ ಬೇಡ ಅನ್ನೋದು ಅದಕ್ಕೇ.

ಈಗಿನ ರೆಕ್ಕೆ ಹೇಗೆ ಮಾಡ್ತಾರೆ ಅಂದ್ರೆ, ಗಾಜಿನ ನೂಲಿನ ಬಟ್ಟೆನ ಅಚ್ಚಲ್ಲಿ ಪದರ ಪದರ ಹಾಸಿ, ಮಧ್ಯೆ ಅಲ್ಲಲ್ಲಿ ಬಾಲ್ಸಾ ಅನ್ನೋ ಹಗುರ ಮರನೋ ಫೋಮೋ ಇಟ್ಟು, ವ್ಯಾಕ್ಯೂಮ್ ಹಾಕಿ ಎಪಾಕ್ಸಿ ಥರದ ರೆಸಿನ್ (ಆಮೇಲೆ ಗಟ್ಟಿಯಾಗೋ ಅಂಟು ದ್ರವ) ಎಳೆಸ್ತಾರೆ, ಆಮೇಲೆ ಎರಡು ಹೋಳು ಸೇರಿಸಿ ಅಂಟು ಹಾಕ್ತಾರೆ. ತುಂಬಾ ಉದ್ದದ ರೆಕ್ಕೆ ಆದ್ರೆ ಹೊರೆ ಹೊರೋ ಪಟ್ಟಿಗೆ ಕಾರ್ಬನ್ ಫೈಬರ್. ಹಗುರ, ಬಳುಕತ್ತೆ, ಸರಿ. ಆದ್ರೆ ಇಲ್ಲೊಂದು ತಕರಾರಿದೆ, ಹೊರೆ ಬರೀ 10 ಪರ್ಸೆಂಟ್ ಜಾಸ್ತಿ ಆದ್ರೂ ಇದರ ಆಯಸ್ಸು ಅರ್ಧಕ್ಕಿಂತ ಕೆಳಗೆ ಬೀಳಬಹುದು.

ಅದಕ್ಕೇ ಹೊಸ ಡಿಸೈನಿನ ರೆಕ್ಕೆ ಒಂದನ್ನ ಬುಡ ಬೋಲ್ಟ್ ಮಾಡಿ ಅಡ್ಡ ನಿಲ್ಲಿಸಿ ತಿಂಗಳುಗಟ್ಟಲೆ ಅಲ್ಲಾಡಿಸ್ತಾರೆ. 15 ಕೋಟಿ ಸಲ ಅಲ್ಲಾಡಿಸ್ತಾ ಕೂರೋಕೆ ಟೈಮೆಲ್ಲಿದೆ, ಹೊರೆ ಏರಿಸಿ ಹತ್ತಾರು ಲಕ್ಷ ಸಲದಲ್ಲಿ ಮುಗಿಸ್ತಾರೆ.

ಇಷ್ಟಾದ್ರೂ ಪೆಟ್ಟು ಶುರುವಾಗೋದು ಸಣ್ಣ ಜಾಗದಲ್ಲಿ. ಬಟ್ಟೆ ಹಾಸೋವಾಗ ಬಿದ್ದ ಒಂದು ಸುಕ್ಕು, ಅಂಟು ತಾಗದ ಒಂದು ಬೆರಳಗಲ. ನೂಲು ಅಷ್ಟು ಬೇಗ ಹರಿಯಲ್ಲ, ನೂಲಿನ ನಡುವಿನ ರೆಸಿನ್ ಸೀಳತ್ತೆ, ಬಿದಿರು ಉದ್ದುದ್ದ ಸಿಗಿದ ಹಾಗೆ ಪದರ ಬಿಡತ್ತೆ. ಹೊರಗಿಂದ ಪೇಂಟ್ ನೋಡಿದ್ರೆ ಎಷ್ಟೋ ಸಲ ಗೊತ್ತೇ ಆಗಲ್ಲ. ನಿಮ್ಮ ಗುಡ್ಡದ ಮೇಲೆ ಫ್ಯಾನ್ ನಿಂತಿರೋವಾಗ ಯಾರಾದ್ರೂ ಹಗ್ಗದಲ್ಲಿ ನೇತಾಡ್ತಾ ರೆಕ್ಕೆ ಬಡೀತಿದ್ರೆ ಗಮನಿಸಿ, ಸಂತೇಲಿ ಮಡಕೆ ತಗೊಳ್ಳೋರು ಬೆರಳಲ್ಲಿ ತಟ್ಟಿ ನೋಡ್ತಾರಲ್ಲ, ಅದೇ ಕೆಲಸ, ಟಣ್ ಅಂದ್ರೆ ಗಟ್ಟಿ, ಬೊದ್ ಅಂದ್ರೆ ಅಲ್ಲಿ ಪದರ ಬಿಟ್ಟಿದೆ.