ನ್ಯೂಯಾರ್ಕ್‌ನ ಈರೀ ಕಾಲುವೆಯನ್ನು ಸರ್ಕಾರ ಗುತ್ತಿಗೆಗೆ ಕೊಡಬಹುದೇ?

ಕಾಲುವೆಯನ್ನು ಮಾರುವಂತಿಲ್ಲ, ಅದರ ದಡದ ಜಮೀನನ್ನು ಗುತ್ತಿಗೆಗೆ ಕೊಡಬಹುದು. ಸ್ವಾರಸ್ಯವೆಂದರೆ, ಈ ಕಟ್ಟುಪಾಡು ಇರುವುದು ಯಾವುದೋ ಇಲಾಖೆಯ ನಿಯಮಾವಳಿಯಲ್ಲಲ್ಲ, ನ್ಯೂಯಾರ್ಕ್ ರಾಜ್ಯದ ಸಂವಿಧಾನದಲ್ಲೇ.

1825ರಲ್ಲಿ ಪೂರ್ಣಗೊಂಡ, 363 ಮೈಲಿ ಉದ್ದದ ಈ ಕಾಲುವೆ ಸರಕು ದೋಣಿಗಳ ಸುಂಕದಿಂದಲೇ ಬೊಕ್ಕಸ ತುಂಬಿಸುತ್ತಿತ್ತು. ಅಂಥ ಕಾಮಧೇನುವನ್ನು ಶಾಸನಸಭೆ ಮಾರುವಂತಿಲ್ಲ, ಗುತ್ತಿಗೆಗೂ ಕೊಡುವಂತಿಲ್ಲ ಎಂದು 1846ರ ಸಂವಿಧಾನ ಕಟ್ಟಿಹಾಕಿತು. 1882ರಲ್ಲಿ ಸುಂಕವೇ ರದ್ದಾಯಿತು, ಸರಕು ರೈಲು-ಲಾರಿಗಳ ಪಾಲಾಯಿತು. ನಿಷೇಧ ಮಾತ್ರ ಅಲುಗಲಿಲ್ಲ. ಕೊನೆಗೆ 1991ರ ತಿದ್ದುಪಡಿ ಕಾಲುವೆ ಜಮೀನಿನ ಗುತ್ತಿಗೆಗೆ ದಾರಿ ತೆರೆಯಿತು.

ನಿರ್ವಹಣೆಯ ಕಥೆ ಬೇರೆ. 1992ರ ಕಾಯ್ದೆ ಅದನ್ನು ಹೆದ್ದಾರಿಯ ಟೋಲ್ ವಸೂಲು ಮಾಡುವ ಥ್ರೂವೇ ಪ್ರಾಧಿಕಾರಕ್ಕೆ ಒಪ್ಪಿಸಿತು. ದೋಣಿಗಳ ಖರ್ಚನ್ನು ಕಾರುಗಳ ತಲೆಗೆ ಕಟ್ಟಿದ ಏರ್ಪಾಡು ಅದು! 2017ರಿಂದ, ಕಾಲುವೆಯನ್ನು ನೋಡಿಕೊಳ್ಳುವ ಕಾಲುವೆ ನಿಗಮ ರಾಜ್ಯದ ವಿದ್ಯುತ್ ಪ್ರಾಧಿಕಾರದ ಅಧೀನದಲ್ಲಿದೆ.