ರೈಸ್ ಮಿಲ್ ಆಟೋಮ್ಯಾಟಿಕ್ ಆಗುವ ಮುಂಚೆ ಕೆಲಸಗಾರರನ್ನು ಹೇಗೆ ತಯಾರು ಮಾಡುವುದು?

ಕಾರಟಗಿಯಲ್ಲಿ ಅಪ್ಪನ ರೈಸ್ ಮಿಲ್ ಈಗ ನಿಮ್ಮ ಕೈಗೆ ಬಂದಿದೆ. ಹೊಸ ಮಷೀನ್ ಹಾಕಿಸುವ ಯೋಚನೆ ಇದೆ, ಇರುವ ಜನರನ್ನು ಮುಂದಿನ ದಿನಗಳಿಗೆ ಹೇಗೆ ಸಜ್ಜು ಮಾಡಲಿ ಎಂದು ಕೇಳಿದ್ದೀರಿ. ನಾನು ಗಂಗಾವತಿಯ ಒಂದು ಮಿಲ್‌ನಲ್ಲಿ ಮೇಲ್ವಿಚಾರಕ. ಸಾವುಕಾರರ ಕಡೆಯಿಂದಲ್ಲ, ಕೆಳಗೆ ನಿಂತು ನೋಡಿದ್ದನ್ನು ಹೇಳುತ್ತೇನೆ.

ಮೊದಲು, ನಿಮ್ಮ ಮಿಲ್‌ನ ಕಸುಬು ಯಾರ ತಲೆಯಲ್ಲಿದೆ ನೋಡಿ. ಬಹಳ ಕಡೆ ಒಬ್ಬ ಹಳೆಯ ಆಪರೇಟರ್ ಇರುತ್ತಾನೆ. ಭತ್ತ ಕಚ್ಚಿ ನೋಡಿ ತೇವ ಎಷ್ಟಿದೆ ಅನ್ನುತ್ತಾನೆ. ಭತ್ತದ ಹೊಟ್ಟು ಬಿಡಿಸುವ ಶೆಲ್ಲರ್‌ನ ಸದ್ದು ಕೇಳಿ ರಬ್ಬರ್ ರೋಲ್ ಸವೆದಿದೆ ಅನ್ನುತ್ತಾನೆ. ಅವನು ರಜೆ ಹಾಕಿದ ದಿನ ನುಚ್ಚು ಜಾಸ್ತಿ! ಅವನ ಜೊತೆ ಇಬ್ಬರು ಹುಡುಗರನ್ನು ಈಗಲೇ ಬಿಡಿ. ತೇವ ಶೇ 14ರ ಆಸುಪಾಸು ಇದೆಯೇ ಎಂದು ಮೀಟರ್‌ನಲ್ಲಿ ನೋಡಿ ಬರೆದಿಡುವುದನ್ನು ರೂಢಿ ಮಾಡಿಸಿ. ಕಲಿಸುವುದಕ್ಕೆ ಅವನಿಗೆ ಬೇರೆ ದುಡ್ಡು ಕೊಡಿ. ಇಲ್ಲದಿದ್ದರೆ ಕಲಿಸುವುದಿಲ್ಲ, ಯಾಕೆ ಕಲಿಸಬೇಕು ಹೇಳಿ?

ಸಾರ್ಟೆಕ್ಸ್, ಅಂದರೆ ಬಣ್ಣ ನೋಡಿ ಅಕ್ಕಿ ಆರಿಸುವ ಮಷೀನ್ ಹಾಕಿಸುತ್ತಿದ್ದರೆ, ಕೈಯಲ್ಲಿ ಅಕ್ಕಿ ಆರಿಸುವ ಹೆಂಗಸರನ್ನು ಮನೆಗೆ ಕಳಿಸುವ ಮುಂಚೆ ಒಮ್ಮೆ ಯೋಚಿಸಿ. ಮಷೀನಿನ ಕ್ಯಾಮೆರಾ ಬಣ್ಣಗೆಟ್ಟ ಕಾಳನ್ನು ಗುರುತಿಸುತ್ತದೆ, ಗಾಳಿ ಊದಿ ಹೊರಗೆ ಹಾಕುತ್ತದೆ. ಆದರೆ ಎಷ್ಟು ಬಣ್ಣಗೆಟ್ಟರೆ ಹಾಕಬೇಕು ಎಂದು ಸೆಟ್ ಮಾಡುವುದು ಮನುಷ್ಯರೇ. ಬಿಗಿ ಮಾಡಿದರೆ ಒಳ್ಳೆ ಅಕ್ಕಿಯೂ ರಿಜೆಕ್ಟ್‌ಗೆ ಹೋಗುತ್ತದೆ, ಸಡಿಲ ಬಿಟ್ಟರೆ ಕರಿ ಕಾಳು ಚೀಲಕ್ಕೆ ಬರುತ್ತದೆ. ಸ್ಕ್ರೀನ್ ಒತ್ತುವುದನ್ನು ಯಾರಿಗಾದರೂ ಬೇಗ ಕಲಿಸಬಹುದು. ಅಕ್ಕಿ ನೋಡುವ ಕಣ್ಣು ಆ ಹೆಂಗಸರಿಗೆ ಆಗಲೇ ಇದೆ. ಅವರಲ್ಲಿ ಒಬ್ಬಿಬ್ಬರನ್ನು ಸಾರ್ಟೆಕ್ಸ್ ಮುಂದೆ ನಿಲ್ಲಿಸಿ ನೋಡಿ.

ಕನ್ನಡದಲ್ಲಿ ತರಬೇತಿ ಕೊಡಬೇಕು ಎಂದು ಮಷೀನ್ ಆರ್ಡರ್‌ನಲ್ಲೇ ಬರೆಸಿ. ಕಂಪನಿಯವರು ಜೋಡಿಸುವಾಗ ನಿಮ್ಮ ಎಲೆಕ್ಟ್ರಿಷಿಯನ್ ಮತ್ತು ಫಿಟ್ಟರ್ ಪಕ್ಕದಲ್ಲೇ ಇರಲಿ, ಚಹಾ ತರಲು ಅಲ್ಲ, ಸ್ಪ್ಯಾನರ್ ಹಿಡಿಯಲು. ಕಂಪ್ರೆಸರ್ ಗಾಳಿಯಲ್ಲಿ ನೀರು ಬಂದರೂ ಸಾರ್ಟೆಕ್ಸ್ ಕೈಕೊಡುತ್ತದೆ. ಅಷ್ಟಕ್ಕೇ ಇಂಜಿನಿಯರ್ ಬರಲಿ ಎಂದು ಮಿಲ್ ನಿಲ್ಲಿಸಿ ಕೂತವರನ್ನು ನೋಡಿದ್ದೇನೆ.

ಹಮಾಲರ ವಿಷಯ ಕಷ್ಟ. 75 ಕೆಜಿ ಚೀಲ ಹೊತ್ತು ಸೊಂಟ ಸವೆದವರೆಲ್ಲ ನಾಳೆ ಆಪರೇಟರ್ ಆಗುತ್ತಾರೆ ಎಂದರೆ ಸುಳ್ಳು. ಇನ್ನೊಂದು, ಅವರಿಗೆ ಚೀಲದ ಲೆಕ್ಕದಲ್ಲಿ ಕೂಲಿ. ತರಬೇತಿಗೆ ಕೂತರೆ ಅವತ್ತಿನ ಕೂಲಿ ಹೋಯಿತು. ಆ ಕೂಲಿ ನೀವು ಕೊಡದಿದ್ದರೆ ಯಾರೂ ಬರುವುದಿಲ್ಲ, ಆಮೇಲೆ 'ಇವರಿಗೆ ಕಲಿಯುವ ಮನಸ್ಸಿಲ್ಲ' ಅನ್ನಬೇಡಿ. ವಯಸ್ಸಾದವರಿಗೆ ತೂಕ, ಚೀಲ ಹೊಲಿಗೆ, ಗೋದಾಮಿನ ಲೆಕ್ಕದಂಥ ಕೆಲಸ ಕೊಡಬಹುದು. ಎಷ್ಟು ಜನಕ್ಕೆ ಜಾಗ ಇದೆ, ಎಷ್ಟು ಜನಕ್ಕೆ ಇಲ್ಲ ಎನ್ನುವುದನ್ನು ಮಷೀನ್ ಬರುವ ಮುಂಚೆಯೇ ಬಾಯಿಬಿಟ್ಟು ಹೇಳಿ. ಅವರಿಗೆ ಹೇಗೂ ಗೊತ್ತಾಗುತ್ತದೆ, ಲಾರಿ ಡ್ರೈವರ್ ಹೇಳಿ ಗೊತ್ತಾಗುವುದು ಬೇಡ.

ಕಲಿತವರು ಸಿಂಧನೂರಿನ ಮಿಲ್‌ಗೆ ಹೋದರೆ ಏನು ಗತಿ ಎಂದು ನಿಮ್ಮ ಅಪ್ಪ ಕೇಳಬಹುದು. ಕೆಲವರು ಹೋಗುತ್ತಾರೆ. ಕಲಿತ ಮೇಲೆ ಸಂಬಳ ಎಷ್ಟು ಏರುತ್ತದೆ ಎಂದು ಮೊದಲೇ ಹೇಳಿದ ಕಡೆ ಕಡಿಮೆ ಜನ ಹೋಗುತ್ತಾರೆ.

ಕುಚ್ಚಲಕ್ಕಿ ಮಾಡುತ್ತಿದ್ದರೆ, ಬಾಯ್ಲರ್ ನೋಡಿಕೊಳ್ಳುವ ನಿಮ್ಮವರಲ್ಲೇ ಒಬ್ಬರಿಗೆ ಅಟೆಂಡೆಂಟ್ ಸರ್ಟಿಫಿಕೇಟ್ ಮಾಡಿಸಿ. ಹೊಸ ಹುಡುಗರಿಗೆ ಹತ್ತಿರದ ಐಟಿಐ ಕೇಳಿ. 30 ಅಥವಾ ಹೆಚ್ಚು ಜನರಿರುವ ಕಡೆ ಅಪ್ರೆಂಟಿಸ್ ತೆಗೆದುಕೊಳ್ಳುವುದು ಕಾನೂನಿನಂತೆ ಕಡ್ಡಾಯ.

ಇದಕ್ಕೆಲ್ಲ ಸಮಯ ಎಲ್ಲಿದೆ ಅಂದರೆ, ಭತ್ತ ಇಲ್ಲದ ತಿಂಗಳುಗಳಲ್ಲಿ. ನಮ್ಮ ಕೆಲಸ ನಡೆಯುವುದೇ ತುಂಗಭದ್ರಾ ನೀರಿನ ಮೇಲೆ. ಹೂಳು ತುಂಬಿ 133 ಟಿಎಂಸಿ ಜಲಾಶಯ 105ರ ಹತ್ತಿರ ಬಂದಿದೆ. 2024ರ ಆಗಸ್ಟ್‌ನಲ್ಲಿ 19ನೇ ಗೇಟ್ ಕೊಚ್ಚಿಹೋದಾಗ ಎಲ್ಲರ ಎದೆ ಧಸಕ್ಕೆಂದಿತ್ತು ಅಲ್ವಾ? ಎರಡನೇ ಬೆಳೆಗೆ ನೀರು ಸಿಗದ ವರ್ಷ ಮಿಲ್ ತಿಂಗಳುಗಟ್ಟಲೆ ಸುಮ್ನೆ ನಿಲ್ಲುತ್ತದೆ. ಆಗ ಜನರನ್ನು ಬೆಂಗಳೂರಿಗೆ ಗುಳೆ ಹೋಗಲು ಬಿಟ್ಟರೆ ಅರ್ಧದಷ್ಟು ವಾಪಸ್ ಬರುವುದಿಲ್ಲ. ಬೇಕಾದವರನ್ನು ಅರ್ಧ ಸಂಬಳ ಕೊಟ್ಟಾದರೂ ಉಳಿಸಿಕೊಳ್ಳಿ. ಮಷೀನ್ ಬಿಚ್ಚಿ ಜೋಡಿಸುವ ಸರ್ವಿಸ್ ಕೆಲಸ ಅವರ ಕೈಯಲ್ಲೇ ಮಾಡಿಸಿ.